ಗಂಟೆಗೊಬ್ಬರು ಆಳಿದ ರಾಜ್ಯ

ನನ್ನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ ಎಂದು ವೈದ್ಯರು ಹೇಳಿದಾಗ ನನಗೆ ನಲವತ್ತಾರು ವರ್ಷ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ, ಪಂಪುಗಳಿಗೆ ಹಾಕುವ ಉಕ್ಕಿನ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿದ್ದರೂ ಎತ್ತಿ ಪಕ್ಕಕ್ಕಿಡುವವಳು ನಾನು. ಮದುವೆಯಾಗಿರಲಿಲ್ಲ. ಚಿಕ್ಕಬಾಣಾವರದಲ್ಲಿ ತಂಗಿಯ ಮನೆಯ ಮಹಡಿ ಕೋಣೆಯಲ್ಲಿದ್ದೆ. ಇನ್ನು ಮೇಲೆ ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಬೇಕು ಎಂದರು. ಎಷ್ಟು ದಿನ ಎಂದು ಕೇಳಿದೆ. ವೈದ್ಯರು ಚೀಟಿ ಬರೆಯುತ್ತಿದ್ದರು, ತಲೆ ಎತ್ತಲಿಲ್ಲ. ಹೊರಗೆ ಬಂದ ಮೇಲೆ ತಂಗಿಯೇ ನನ್ನನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದಳು: ದಿನಗಳ ಲೆಕ್ಕ ಅಲ್ಲ ಅಕ್ಕ ಅದು.

ನನಗೆ ಜಾಗ ಸಿಕ್ಕಿದ್ದು ಪೀಣ್ಯದ ಸರ್ವಿಸ್ ರಸ್ತೆಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ. ಕೆಳಗೆ ವೆಲ್ಡಿಂಗ್ ಸಾಮಾನಿನ ಅಂಗಡಿ, ಎದುರಿಗೆ ಮೆಟ್ರೋ ಕಂಬ. ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ. ಕಾರ್ಖಾನೆಯ ಮಾಲೀಕರು ಉಳಿದ ಮೂರು ದಿನ ಕೆಲಸಕ್ಕೆ ಬರಲು ಒಪ್ಪಿದರು. ಹಾಗಾಗಿ ಒಂದು ದಿನ ನಾನು ಅಳೆಯುತ್ತಿದ್ದೆ, ಮರುದಿನ ನನ್ನನ್ನು ಅಳೆಯುತ್ತಿದ್ದರು. ಒಳಗೆ ಹೋಗುವ ಮುಂಚೆ ತೂಕ, ಹೊರಗೆ ಬರುವಾಗ ತೂಕ. ನಡುವಿನ ದಿನಗಳಲ್ಲಿ ಎಷ್ಟು ನೀರು ಕುಡಿದೆ ಎಂಬುದನ್ನು ತಕ್ಕಡಿ ಹೇಳಿಬಿಡುತ್ತಿತ್ತು. ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ ದಿನಕ್ಕೆ ಒಂದು ಲೀಟರು ದಾಟುವಂತಿರಲಿಲ್ಲ.

ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚುತ್ತಿದ್ದರು. ಒಂದರಿಂದ ರಕ್ತ ಯಂತ್ರಕ್ಕೆ ಹೋಗಿ, ಶುದ್ಧವಾಗಿ ಇನ್ನೊಂದರಿಂದ ಒಳಗೆ ಬರುತ್ತಿತ್ತು. ಆ ಕೈಯನ್ನು ನಾಲ್ಕು ಗಂಟೆ ಅಲ್ಲಾಡಿಸುವಂತಿಲ್ಲ. ಮೂಗು ತುರಿಸಿದರೆ ಬಲಗೈ ಇದೆ, ಬಲಗೈ ತುರಿಸಿದರೆ ಏನೂ ಇಲ್ಲ. ಯಂತ್ರದ ಪರದೆಯ ಮೇಲೆ ಒಂದು ಗಡಿಯಾರ ನಾಲ್ಕು ಗಂಟೆಯಿಂದ ಶುರುವಾಗಿ ಕೆಳಗಿಳಿಯುತ್ತಿತ್ತು. ಮೊದಲ ಎರಡು ತಿಂಗಳು ನಾನು ಆ ಗಡಿಯಾರ ಬಿಟ್ಟು ಬೇರೇನೂ ನೋಡಲಿಲ್ಲ. ಅಕ್ಕಪಕ್ಕದ ಹಾಸಿಗೆಗಳಲ್ಲಿ ಯಾರಿದ್ದಾರೆ ಎಂದು ತಿಳಿಯುವ ಮನಸ್ಸೂ ಇರಲಿಲ್ಲ.

ನಮ್ಮ ಕೋಣೆಯಲ್ಲಿ ನಾಲ್ಕು ಹಾಸಿಗೆ. ಕಿಟಕಿಯ ಹತ್ತಿರದ್ದು ಅರವತ್ತು ದಾಟಿದ ಒಬ್ಬ ಹೆಂಗಸಿನದು. ಅವರು ಪೀಣ್ಯದ ಹಿಂಬದಿಯ ಹಳೆಯ ಹಳ್ಳಿಯವರು. ಅವರ ತೋಟವಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಿದ್ದವು. ಆದರೂ ಮಾತೆತ್ತಿದರೆ ‘ನಮ್ಮ ತೋಟ’ ಎನ್ನುತ್ತಿದ್ದರು. ಹಾಗಾಗಿ ಅವರು ನಮಗೆಲ್ಲ ತೋಟದಮ್ಮ. ಎರಡನೆಯದು ನನ್ನದು. ಮೂರನೆಯದರಲ್ಲಿ ರಾಯಚೂರು ಕಡೆಯ ಒಬ್ಬ ಸೆಕ್ಯುರಿಟಿ ಗಾರ್ಡ್, ಮೂವತ್ತೊಂದು ವರ್ಷದವನು. ಬಾಗಿಲ ಪಕ್ಕದ ನಾಲ್ಕನೆಯದರಲ್ಲಿ ಇಪ್ಪತ್ತಾರರ ಹುಡುಗಿ. ಅವಳ ಆಫೀಸು ಬೆಳ್ಳಂದೂರಿನಲ್ಲಿ. ಮನೆಯಿಂದಲೇ ಕೆಲಸ ಮಾಡಲು ಅವರು ಒಪ್ಪಿದ್ದರಿಂದ ಲ್ಯಾಪ್‌ಟಾಪನ್ನು ಹೊಟ್ಟೆಯ ಮೇಲಿಟ್ಟುಕೊಂಡು ಒಂದೇ ಕೈಯಲ್ಲಿ ಟೈಪು ಮಾಡುತ್ತಿದ್ದಳು.

ಎಲ್ಲ ಶುರುವಾಗಿದ್ದು ಟಿವಿಯಿಂದ. ಗೋಡೆಯ ಮೇಲೆ ಒಂದು ಟಿವಿ, ಅದಕ್ಕೊಂದು ರಿಮೋಟು. ತೋಟದಮ್ಮನಿಗೆ ಭಕ್ತಿಗೀತೆ ಬೇಕು, ಗಾರ್ಡಿಗೆ ಕುಸ್ತಿ, ಹುಡುಗಿಗೆ ಸದ್ದೇ ಬೇಡ. ಒಂದು ಸೋಮವಾರ ಮಾತಿಗೆ ಮಾತು ಬೆಳೆಯಿತು. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ನರ್ಸ್ ಸಿಸ್ಟರು ಬಂದು ರಿಮೋಟು ಕಿತ್ತುಕೊಂಡರು.

“ನಾಲ್ಕು ಗಂಟೆ, ನಾಲ್ಕು ಜನ. ಒಬ್ಬೊಬ್ರಿಗೆ ಒಂದೊಂದು ಗಂಟೆ. ಕಿಟಕಿಯಿಂದ ಶುರು” ಎಂದರು.

“ಅಂದ್ರ ನಾವು ನಾಕೂ ಮಂದಿ ರಾಜರಾದಂಗಾತು ಬಿಡ್ರಿ” ಎಂದ ಗಾರ್ಡ್. “ತಾಸಿಗೊಬ್ಬ ರಾಜ.”

ಹದಿನೈದು ದಿನಕ್ಕೆ ಆ ಟಿವಿ ಕೆಟ್ಟಿತು. ರಿಪೇರಿಯವನು ಬರಲೇ ಇಲ್ಲ. ಆದರೆ ಗಂಟೆಗಳು ಮಾತ್ರ ಹಂಚಿಕೆಯಾದಂತೆಯೇ ಉಳಿದವು. ನೋಡಲು ಏನೂ ಇಲ್ಲದ ಮೊದಲ ಬುಧವಾರ ತೋಟದಮ್ಮ, “ಈಗ ನಂದೇ ರಾಜ್ಯಭಾರ ಅಲ್ವಾ, ಅಂಗಾದ್ರೆ ನಾನೊಂದು ಮಾತು ಯೋಳ್ತೀನಿ ಕೇಳ್ರಿ. ನನ್ನ ರಾಜ್ಯದಾಗೆ ಯಾರು ಬೇಕಾದ್ರೂ ಎಳನೀರು ಕುಡೀಬೋದು” ಎಂದರು.

ಎಳನೀರು ನಮಗೆ ವಿಷವಿದ್ದಂತೆ, ಅದರಲ್ಲಿನ ಪೊಟ್ಯಾಶಿಯಂ ಹೊರಹಾಕುವ ಶಕ್ತಿ ನಮ್ಮ ಮೂತ್ರಪಿಂಡಗಳಿಗಿಲ್ಲ. ಬಾಳೆಹಣ್ಣೂ ಅಷ್ಟೆ. ಅವರ ತೋಟದಲ್ಲಿ ಉಳಿದಿದ್ದ ಎರಡು ತೆಂಗಿನ ಮರಗಳ ಎಳನೀರನ್ನು ಬಾಡಿಗೆಯವರು ಕುಡಿಯುತ್ತಿದ್ದರು, ತೋಟದಮ್ಮ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಯಾರೂ ನಗಲಿಲ್ಲ. ನನ್ನ ಗಂಟೆ ಬಂದಾಗ ನಾನು, ಬಾಯಾರಿಕೆಯಾದವರು ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿಯಬಹುದು ಎಂದೆ. ಹಾಗೆ ಹೇಳುವಾಗ ಗಂಟಲು ನಿಜವಾಗಿ ತಣ್ಣಗಾದಂತೆ ಅನಿಸಿತು. ಮೂರನೇ ಗಂಟೆಯಲ್ಲಿ ಗಾರ್ಡ್ ತಮಾಷೆಗೆ, “ಎಳನೀರು ರದ್ದು. ಎಲ್ಲರೂ ಮಜ್ಜಿಗಿ ಕುಡೀಬೇಕು” ಎಂದುಬಿಟ್ಟ. ತೋಟದಮ್ಮ ಮುಖ ತಿರುಗಿಸಿಕೊಂಡರು. ಅದು ತಮಾಷೆಯ ಮುನಿಸಲ್ಲ. ಶುಕ್ರವಾರವೂ ಅವನೊಡನೆ ಮಾತಾಡಲಿಲ್ಲ.

ಆಗ ಕಾನೂನು ಬೇಕಾಯಿತು. ಒಬ್ಬ ಅರಸ ಮಾಡಿದ್ದನ್ನು ಮುಂದಿನ ಗಂಟೆಯ ಅರಸ ಅಳಿಸಬಹುದೇ? ಹುಡುಗಿ ಲ್ಯಾಪ್‌ಟಾಪ್ ಮುಚ್ಚಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

“ಅಳಿಸಬಹುದು ಅಂದ್ರೆ ಯಾವ ಕಾನೂನೂ ಒಂದು ಗಂಟೆಗಿಂತ ಜಾಸ್ತಿ ಬದುಕಲ್ಲ ಆಂಟಿ” ಎಂದಳು.

ನಾನು ಅಳತೆಯವಳು, ಸಡಿಲವಿದ್ದರೆ ನನಗೆ ಆಗುವುದಿಲ್ಲ. “ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತೆಗೆಯೋ ಹಾಗಿಲ್ಲ. ತೆಗೀಬೇಕಾದ್ರೆ ನಾಲ್ಕು ಜನರೂ ಒಪ್ಪಬೇಕು. ಹೇಳಿದವರೂ ಸೇರಿ” ಎಂದೆ.

ತೋಟದಮ್ಮ ಕಿಟಕಿಯ ಕಡೆಯಿಂದ ಈ ಕಡೆ ತಿರುಗಿದರು. “ಬ್ಯಾಡ ಕಣವ್ವ. ನಮ್ಮನೇಲಿ ಅದೇ ಆಗಿರೋದು. ನಮ್ಮ ಯಜಮಾನ್ರು, ಅವರ ತಮ್ಮಂದಿರಿಬ್ರು, ಮೂರು ಜನಕ್ಕೂ ಸೇರಿದ್ದು ಆ ಬಿಲ್ಡಿಂಗು. ಒಬ್ಬನ ಮೇಲೆ ಒಬ್ಬನಿಗೆ ನಂಬ್ಕೆ ಇಲ್ಲ. ಮೋಟ್ರು ರೂಮಿಗೆ ಮೂರು ಬೀಗ ಹಾಕವ್ರೆ, ಮೂರೂ ತೆಗೆದ್ರೇ ನೀರು. ಒಬ್ಬ ಯಾವ್ದಾದ್ರೂ ಊರಿಗೋದ ಅಂದ್ರೆ ಇಡೀ ಬಿಲ್ಡಿಂಗೇ ಬಿಂದಿಗೆ ಇಟ್ಕೊಂಡು ನಿಂತ್ಕತದೆ.”

ನಾನು ಒಪ್ಪಲಿಲ್ಲ. ನನ್ನ ಮಾತೇ ನಿಂತಿತು. ಯಾರೂ ಏನನ್ನೂ ಬರೆದಿಡಲಿಲ್ಲ. ನಾಲ್ಕು ತಲೆಗಳಲ್ಲಿ ಇದ್ದದ್ದೇ ಸಂವಿಧಾನ. ಯಾರು ಏನು ಹೇಳಿದ್ದರು ಎಂಬ ಬಗ್ಗೆ ಜಗಳವಾಗುತ್ತಿತ್ತು. ಒಬ್ಬ ಅರಸ ನಿದ್ದೆಹೋದರೆ ಅವನ ಗಂಟೆ ಮುಂದಿನವರಿಗೆ ಹೋಗುತ್ತದೆಯೇ? ಇಲ್ಲ, ನಿದ್ದೆಯಲ್ಲೂ ಅವನೇ ಅರಸ ಎಂದು ತೋಟದಮ್ಮ ಗೆದ್ದರು, ಏಕೆಂದರೆ ದಿನವೂ ನಿದ್ದೆಹೋಗುತ್ತಿದ್ದವರು ಅವರೇ. ರಕ್ತದೊತ್ತಡ ಇಳಿದು ತಲೆಸುತ್ತು ಬಂದಾಗ ಹೊರಡಿಸಿದ ಆಜ್ಞೆಗೆ ಬೆಲೆ ಇದೆಯೇ? ಇಲ್ಲ. ಅಕ್ಕಪಕ್ಕ ಬೇರೆ ದೇಶಗಳಿಲ್ಲದೆ ರಾಜ್ಯವಾಗುವುದು ಹೇಗೆ ಎಂದು ಹುಡುಗಿ ಕೇಳಿದಳು. ಮಧ್ಯಾಹ್ನದ ಪಾಳಿಯಲ್ಲಿ ನಮ್ಮದೇ ಹಾಸಿಗೆಗಳ ಮೇಲೆ ಮಲಗುವ ನಾಲ್ವರಿದ್ದರಲ್ಲ, ಅವರ ಮುಖ ನಾವು ನೋಡಿರಲಿಲ್ಲ, ಅದನ್ನೇ ನೆರೆರಾಜ್ಯ ಎಂದುಕೊಂಡೆವು.

“ಅವರ ಮ್ಯಾಲ ದಂಡೆತ್ತಿ ಹೋಗೂದು ಹ್ಯಾಂಗ್ರಿ, ಎಲ್ಲಾರಿಗೂ ಸೂಜಿ ಚುಚ್ಚ್ಯಾರ” ಎಂದ ಗಾರ್ಡ್. ಸಿಸ್ಟರು ಕೂಡ ನಕ್ಕರು.

ಆ ತಿಂಗಳುಗಳಲ್ಲಿ ನಾನು ಸಂತೋಷವಾಗಿದ್ದೆ ಎಂದರೆ ಸುಳ್ಳಾಗುತ್ತದೆ. ಶುಕ್ರವಾರ, ಸೋಮವಾರಗಳ ನಡುವಿನ ಅಂತರ ನಮಗೆಲ್ಲ ದೊಡ್ಡದು. ಭಾನುವಾರ ಸಂಜೆಗೆ ಪಾದ ಊದಿಕೊಳ್ಳುತ್ತಿತ್ತು, ಮಲಗಿದರೆ ಉಸಿರು ಸಾಲುತ್ತಿರಲಿಲ್ಲ. ತಂಗಿಯ ಮನೆಯವರು ಎರಡು ದಿನ ಧರ್ಮಸ್ಥಳಕ್ಕೆ ಹೊರಟರೆ ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಕೇಳಿದರೆ ನನಗೆ ನೋವಾಗುತ್ತದೆಂದು. ಕೇಳದಿದ್ದರೂ ನೋವಾಗುತ್ತಿತ್ತು. ಒಂದು ದಿನ ಮನೆಯಿಂದ ಆ ಎರಡನೇ ಮಹಡಿಗೆ, ಮರುದಿನ ಕಾರ್ಖಾನೆಗೆ, ಅಲ್ಲಿಂದ ಮತ್ತೆ ಮನೆಗೆ. ಬಸ್ಸಿನ ಒಂದೇ ರೂಟಿನೊಳಗೆ ನನ್ನ ಇಡೀ ಬದುಕು ಸಿಕ್ಕಿಹಾಕಿಕೊಂಡಿತ್ತು. ಒಮ್ಮೊಮ್ಮೆ ಕೆಲಸದ ಮೇಜಿನ ಮುಂದೆ ಕೂತಾಗ ಎದ್ದು ಯಾವುದಾದರೂ ಬಸ್ಸು ಹತ್ತಿ ಅದು ನಿಲ್ಲುವವರೆಗೆ ಹೋಗಬೇಕು ಅನಿಸುತ್ತಿತ್ತು. ಸೂಜಿಗೆಂದು ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ್ದ ಎಡಗೈಯ ಮೇಲೆ ಬೆರಳಿಟ್ಟರೆ ಅಲ್ಲಿ ರಕ್ತ ಮೋಟಾರಿನಂತೆ ಗುರುಗುಟ್ಟುವುದು ತಿಳಿಯುತ್ತಿತ್ತು. ಸುಮ್ಮನೆ ಮುಂದಿನ ಬಿಡಿಭಾಗ ಕೈಗೆತ್ತಿಕೊಳ್ಳುತ್ತಿದ್ದೆ.

ಗಾರ್ಡಿನ ಹೆಂಡತಿ ಹೆರಿಗೆಗೆಂದು ರಾಯಚೂರಿನ ಹತ್ತಿರದ ತವರಿಗೆ ಹೋಗಿದ್ದಳು. ಹೆಣ್ಣು ಮಗು ಹುಟ್ಟಿತು. ಫೋನಿನಲ್ಲಿ ಬಂದ ಫೋಟೊವನ್ನು ಅವನು ನಮಗೆಲ್ಲ ತೋರಿಸಿದ. ಹಾಸಿಗೆಯಿಂದ ಹಾಸಿಗೆಗೆ ಫೋನು ದಾಟಿಸಿದವರು ಸಿಸ್ಟರು. ಮಗುವಿಗೆ ತಿಂಗಳಾದ ಮೇಲೆ ಒಂದು ಸೋಮವಾರ, ತನ್ನ ಗಂಟೆಗೆ ಕಾಯದೆ, ನನ್ನ ಗಂಟೆಯಲ್ಲಿ ಅವನು ಮಾತು ತೆಗೆದ.

“ಅಕ್ಕಾರ, ಬರೂ ಗುರುವಾರ ತೊಟ್ಟಿಲ ಕಾರ್ಯ ಇಟ್ಟಾರ್ರಿ. ನಾ ಇನ್ನೂ ಕೂಸಿನ ಮುಖ ನೋಡಿಲ್ರಿ. ಬುಧವಾರ ಒಂದು ಬಿಟ್ಟು, ಶುಕ್ರವಾರಕ್ಕ ಬಂದ್ಬಿಡ್ತೀನಿ. ನಮ್ಮ ರಾಜ್ಯದಾಗ ಇದಕ್ಕ ಪರವಾನಿಗಿ ಐತೇನ್ರಿ?”

ಸೋಮವಾರ ಹನ್ನೊಂದಕ್ಕೆ ಮುಗಿದರೆ ಶುಕ್ರವಾರ ಏಳರವರೆಗೆ. ನಾನು ಮನಸ್ಸಿನಲ್ಲೇ ಗಂಟೆಗಳನ್ನು ಎಣಿಸಿದೆ. ನಮಗೆ ಅಷ್ಟು ಅಂತರ ಒಳ್ಳೆಯದಲ್ಲ ಎಂದು ಸಿಸ್ಟರು ಸಾವಿರ ಸಲ ಹೇಳಿದ್ದರು.

“ಇಲ್ಲ. ಯಾವ ಅರಸನೂ ಎರಡು ದಿನಕ್ಕಿಂತ ಹೆಚ್ಚು ರಾಜ್ಯ ಬಿಟ್ಟು ಹೋಗೋ ಹಾಗಿಲ್ಲ. ಇದು ನನ್ನ ಗಂಟೆ, ನನ್ನ ಆಜ್ಞೆ” ಎಂದೆ.

ಅವನು ನನ್ನ ಕಡೆ ನೋಡಿದ. “ಅಕ್ಕಾರ, ನೀವು ಆಟದಾಗ ಹೇಳಾಕತ್ತೀರೋ, ಖರೇನ ಹೇಳಾಕತ್ತೀರೋ?”

ನಾನು ಯಂತ್ರದ ಗಡಿಯಾರದ ಕಡೆ ತಿರುಗಿದೆ. ಎರಡೂ ಹೌದಾಗಿತ್ತು. ಅವನು ಕಣ್ಣು ಮುಚ್ಚಿಕೊಂಡ.

ಬುಧವಾರ ಮೂರನೇ ಹಾಸಿಗೆ ಖಾಲಿ ಇತ್ತು. ಸಿಸ್ಟರು ಯಂತ್ರಕ್ಕೆ ಬಟ್ಟೆ ಹೊದಿಸಿದ್ದರು. ಮೊದಲ ಗಂಟೆ ಹೇಗೋ ಕಳೆಯಿತು. ನನ್ನ ಗಂಟೆಯೂ ಕಳೆಯಿತು. ಒಂಬತ್ತಕ್ಕೆ ಅವನ ಗಂಟೆ ಶುರುವಾಯಿತು. ಹುಡುಗಿ, “ಈಗ ಯಾರು?” ಎಂದಳು. ನಿದ್ದೆಯಲ್ಲೂ ಅವನೇ ಅರಸ ಎಂದಿದ್ದೆವು, ಊರಿಗೆ ಹೋಗಿದ್ದರೆ ಏನು ಎಂದು ಹೇಳಿರಲಿಲ್ಲ. “ಯಾರೂ ಅಲ್ಲ. ಸುಮ್ಕಿರಾನ” ಎಂದರು ತೋಟದಮ್ಮ. ಆ ಗಂಟೆ ಮೂವರೂ ಮಾತಾಡಲಿಲ್ಲ. ಯಂತ್ರಗಳ ಸದ್ದು, ಕೆಳಗಿನ ಅಂಗಡಿಯಲ್ಲಿ ಸಿಲಿಂಡರು ಉರುಳಿಸುವ ಸದ್ದು, ಮೆಟ್ರೋ ಹಾದುಹೋಗುವ ಸದ್ದು ಇಷ್ಟೆ.

ಶುಕ್ರವಾರ ಅವನು ಬರಲಿಲ್ಲ. ಸಿಸ್ಟರು ಮೂರು ಸಲ ಫೋನು ಮಾಡಿದರು, ಸ್ವಿಚ್ ಆಫ್. ಮೂರನೇ ಗಂಟೆಯಲ್ಲಿ ಮತ್ತೆ ಮೌನ. ಈ ಸಲ ಯಾರೂ ತೀರ್ಮಾನ ಮಾಡಿದ್ದಲ್ಲ, ಮಾತೇ ಬರಲಿಲ್ಲ. ಶನಿವಾರ ನಾನು ಕಾರ್ಖಾನೆಯಲ್ಲಿ ಸರಿಯಿದ್ದ ಒಂದು ಟ್ರೇ ಪೂರ್ತಿ ಬೇಡ ಎಂದು ವಾಪಸು ಕಳಿಸಿದೆ. ಸೂಪರ್‌ವೈಸರು ಬಂದು, “ಏನಾಯ್ತು ಮೇಡಂ, ಹುಷಾರಿಲ್ವಾ?” ಎಂದು ಕೇಳಿದರು. ಗಾರ್ಡಿನ ಸಾವಿನ ಸುದ್ದಿ ಯಾರ ಬಾಯಿಂದ ಬರುತ್ತದೆ ಎಂದು ಯೋಚಿಸುತ್ತಿದ್ದೆ. ನಾನು ಹೇಳಿದ್ದೆನಲ್ಲ ಎಂದೂ ಯೋಚಿಸಿದೆ. ಆ ಯೋಚನೆಗೆ ನನಗೇ ನಾಚಿಕೆಯಾಯಿತು.

ಸೋಮವಾರ ಏಳಕ್ಕೆ ಐದು ನಿಮಿಷವಿರುವಾಗ ಅವನು ಮೆಟ್ಟಿಲು ಹತ್ತಿಕೊಂಡು ಬಂದ. ಮುಖ ಊದಿರಲಿಲ್ಲ. ಕೈಯಲ್ಲಿ ಒಂದು ಡಬ್ಬಿ, ಅದರ ತುಂಬ ಕುಸುಬೆ ಉಂಡೆ.

“ಫೋನ್ ನೀರಿನ ತೊಟ್ಟಿಗಿ ಬಿತ್ರಿ” ಎಂದ.

ಸಿಸ್ಟರು ಬೈದರು. ಅವನು ತಲೆ ತಗ್ಗಿಸಿ ಬೈಸಿಕೊಂಡ. ಸೂಜಿ ಹಾಕಿ ಅವರು ಹೋದ ಮೇಲೆ ನಡೆದದ್ದು ಹೇಳಿದ. ಗುರುವಾರ ಸಂಜೆಗೆ ಉಸಿರು ಕಟ್ಟಿದಂತಾಗಿ, ಮಾವ ಅವನನ್ನು ಟಂಟಂ ಆಟೊದಲ್ಲಿ ಕೂರಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಯಂತ್ರವಿತ್ತು. ಒಂದು ರಾತ್ರಿ ಕಾಯಿಸಿ, ಶುಕ್ರವಾರ ಬೆಳಿಗ್ಗೆ ಯಂತ್ರದ ಪಕ್ಕ ಮಲಗಿಸಿದರು.

“ಅಲ್ಲೂ ಐತೇನು?” ಎಂದರು ತೋಟದಮ್ಮ.

“ಐತ್ರಿ. ಇಂಥಾವ ಹಾಸಿಗಿ. ನಮ್ಮ ಮಾವನ ಊರಿಂದ ಅರ್ಧ ತಾಸಿನ ಹಾದಿ.” ನಂತರ ಮೆಲ್ಲಗೆ, “ಒಂದು ಜಾಗ ಖಾಲಿ ಆಗತೈತಂತ್ರಿ. ಬರ್ತೀಯೇನು ಅಂತ ಕೇಳ್ಯಾರ. ನಾ ಬರ್ತೀನಿ ಅಂದು ಬಂದೀನ್ರಿ. ಇದೊಂದು ವಾರ ಇಲ್ಲಿ, ಆಮ್ಯಾಲೆ ಅಲ್ಲೇ” ಎಂದ.

ಹುಡುಗಿ ಬಲಗೈಯನ್ನು ಹಾಸಿಗೆಯ ಕಂಬಿಗೆ ತಟ್ಟಿ ಸಂತೋಷಪಟ್ಟಳು. ತೋಟದಮ್ಮ ಮಗುವಿಗೆ ಏನು ಹೆಸರಿಟ್ಟರೆಂದು ಕೇಳಿದರು. ನಾನು ಮಾತ್ರ ಯಂತ್ರದ ಗಡಿಯಾರ ನೋಡುತ್ತಿದ್ದೆ. ಈ ಮಹಡಿ, ಈ ಯಂತ್ರ, ಇದರ ಸುತ್ತ ಎರಡು ದಿನದ ಹಗ್ಗ, ಅದರಾಚೆ ಏನೂ ಇಲ್ಲ ಎಂದು ನಂಬಿದ್ದೆ. ಅದು ತಪ್ಪು ಎಂದು ಅವನು ಹೋಗಿ ನೋಡಿ ಬಂದಿದ್ದ. ನನಗೆ ಸಮಾಧಾನವಾಗಬೇಕಿತ್ತು, ಸಿಟ್ಟು ಬಂತು.

“ಎರಡು ದಿನದ ಕಾನೂನು ಇದೆಯಲ್ಲ” ಎಂದೆ.

ಹುಡುಗಿ, “ಆಂಟಿ, ಅದು ತೆಗೆದ್ರೆ ಆಯ್ತು. ನಾನು ಒಪ್ಪಿದೆ. ತೋಟದಮ್ಮ?” ಎಂದಳು.

“ಊಂ” ಎಂದರು ತೋಟದಮ್ಮ.

ಗಾರ್ಡ್ ತಾನೂ ಒಪ್ಪಿದೆನೆಂದ. ನಾಲ್ಕನೆಯದು ನನ್ನದು. ನಾನು ಬಾಯಿ ಬಿಡಲಿಲ್ಲ. ಹುಡುಗಿ ನಗುತ್ತಾ, “ಇದಕ್ಕೇ ಡೆಡ್‌ಲಾಕ್ ಅನ್ನೋದು, ಒಬ್ರು ಬಿಡದೆ ಯಾರೂ ಮುಂದೆ ಹೋಗೋ ಹಾಗಿಲ್ಲ” ಎಂದಳು. ಸ್ವಲ್ಪ ಹೊತ್ತಾದ ಮೇಲೆ ಅವಳ ನಗು ನಿಂತಿತು.

ನಮ್ಮ ಮಾತಿಗೆ ಅವನನ್ನು ತಡೆಯುವ ಶಕ್ತಿ ಇರಲಿಲ್ಲ. ಭಾನುವಾರದ ಬಸ್ಸಿಗೆ ಟಿಕೇಟು ತೆಗೆಸಿಯಾಗಿತ್ತು, ಕೆಲಸ ಬಿಡುವ ಮಾತೂ ಆಗಿತ್ತು. ಆದರೂ ಬುಧವಾರ ಅವನು ಮತ್ತೆ ಕೇಳಿದ. ನಾನು ನಿದ್ದೆ ಬಂದವಳಂತೆ ಮಲಗಿದ್ದೆ. ಅವನು ನನ್ನನ್ನು ಎಬ್ಬಿಸಲಿಲ್ಲ. ಕಣ್ಣು ಮುಚ್ಚಿಕೊಂಡು ಕಳೆದ ಆ ನಾಲ್ಕು ಗಂಟೆಯಷ್ಟು ದೀರ್ಘ ಹೊತ್ತು ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಗಡಿಯಾರವನ್ನೂ ನೋಡುವಂತಿರಲಿಲ್ಲ.

ಶುಕ್ರವಾರ ಅವನ ಕೊನೆಯ ದಿನ. ತೋಟದಮ್ಮ ಅವನ ಮಗುವಿಗೆಂದು ಒಂದು ಜೊತೆ ಬೆಳ್ಳಿ ಕಾಲ್ಗಡಗ ತಂದಿದ್ದರು. ಹುಡುಗಿ ಹಳೆಯ ಫೋನೊಂದನ್ನು ಚಾರ್ಜು ಮಾಡಿ ತಂದುಕೊಟ್ಟಳು. ನಾನು ಏನೂ ತಂದಿರಲಿಲ್ಲ. ಮೂರನೇ ಗಂಟೆ ಬಂದಾಗ ಅವನು ಹೊಸ ಆಜ್ಞೆ ಏನೂ ಕೊಡಲಿಲ್ಲ. ಚಾವಣಿ ನೋಡುತ್ತಾ, “ನಾ ಇಲ್ಲದಾಗ ನನ್ನ ತಾಸಿನ್ಯಾಗ ಯಾರೂ ಮಾತಾಡಿಲ್ಲಂತ, ಸಿಸ್ಟರ್ ಹೇಳಿದ್ರು” ಎಂದ.

“ಎರಡು ದಿನ” ಎಂದಳು ಹುಡುಗಿ.

“ಇಡೀ ತಾಸು?”

“ಇಡೀ ಗಂಟೆ.”

ಅವನು ತಲೆಯಾಡಿಸಿದ. “ಇನ್ನ ಮ್ಯಾಲೆ ಹಂಗ ಮಾಡಬ್ಯಾಡ್ರಿ. ಈ ತಾಸು ಅಕ್ಕಾರಿಗಿ ಕೊಟ್ಟೀನಿ. ಅವರಿಗಿ ಎರಡು ತಾಸು ಇರ್ಲಿ.”

ನನಗೆ ಅಳು ಬಂತು. ಒಂದು ಕೈಯಲ್ಲಿ ಕಣ್ಣು, ಮೂಗು ಎರಡನ್ನೂ ಒರೆಸಿಕೊಳ್ಳುವುದು ಕಷ್ಟ. ಸಿಸ್ಟರು ಬಂದು ರಕ್ತದೊತ್ತಡ ನೋಡಿದರು, ಏರಿತ್ತು. ಅವರು ಹೋದ ಮೇಲೆ ಹೇಳಿದೆ. “ಒಪ್ಪಿದೆ ಕಣಪ್ಪ. ಹೋಗಿ ಬಾ.”

“ಹೋಗಿ ಬರ್ತೀನ್ರಿ ಅಕ್ಕಾರ” ಎಂದ. ಹನ್ನೊಂದೂಕಾಲಕ್ಕೆ ತೂಕ ನೋಡಿಸಿಕೊಂಡು, ಸೂಜಿಯ ಜಾಗಕ್ಕೆ ಹತ್ತಿ ಒತ್ತಿ ಹಿಡಿದು, ಉಂಡೆ ತಂದಿದ್ದ ಖಾಲಿ ಡಬ್ಬಿ ಮರೆತು ವಾಪಸು ಬಂದು ಅದನ್ನು ತೆಗೆದುಕೊಂಡು ಮೆಟ್ಟಿಲಿಳಿದ.

ಅವನು ಬಿಟ್ಟುಕೊಟ್ಟ ಗಂಟೆಯನ್ನು ನಾನು ಆಳಲಿಲ್ಲ. ಹದಿನೈದು ದಿನದೊಳಗೆ ಮೂರನೇ ಹಾಸಿಗೆಗೆ ಲೇತ್ ಅಂಗಡಿಯ ಒಬ್ಬ ಯಜಮಾನರು ಬಂದರು. ಬಂದವರೇ ಫೋನಿನಲ್ಲಿ ವಾರ್ತೆ ಹಾಕಿದರು. ನಮ್ಮ ವ್ಯವಸ್ಥೆಯ ವಿಷಯ ಹುಡುಗಿ ಹೇಳಿದಾಗ, “ರಾಜರು ಯಾಕಮ್ಮ ಈಗಿನ ಕಾಲದಲ್ಲಿ, ಎಲೆಕ್ಷನ್ ಮಾಡಿ” ಎಂದರು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಹುಡುಗಿಗೆ ಅವಳ ತಾಯಿಯ ಮೂತ್ರಪಿಂಡ ಹೊಂದುತ್ತದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ, ದಿನಾಂಕಕ್ಕೆ ಕಾಯುತ್ತಿದ್ದಾಳೆ. ರಾಯಚೂರಿನಿಂದ ಆಗಾಗ ಫೋಟೊ ಬರುತ್ತದೆ. ಮಗು ಕೂರುತ್ತದಂತೆ.

ಒಂದು ಬೆಳಿಗ್ಗೆ, ಲೇತ್ ಅಂಗಡಿಯವರಿಗೆ ನಿದ್ದೆ ಹತ್ತಿದ್ದಾಗ, ನಾನು ತೋಟದಮ್ಮನಿಗೆ ಹೇಳಿಬಿಟ್ಟೆ. ಅವನ ಆರೋಗ್ಯಕ್ಕಾಗಿ ನಾನು ಬೇಡ ಎಂದಿದ್ದು ಮೊದಲ ಸಲ ಮಾತ್ರ; ಎರಡನೇ ಸಲ ನನಗಾಗಿ; ಅವನೂ ಇಲ್ಲೇ ಇರಲಿ ಎಂದು.

ಅವರು ಕಿಟಕಿಯ ಕಡೆ ತಿರುಗಿದರು.

“ಊಂ ಅಂದ್ನಲ್ಲ ನಾನು ಅವತ್ತು” ಎಂದರು. “ನಂಗೂ ಅವ್ನು ಓಗೋದು ಬ್ಯಾಡಾಗಿತ್ತು. ನೀನು ಬ್ಯಾಡ ಅಂತೀಯ ಅಂತ ಗೊತ್ತಿತ್ತು ಕಣವ್ವ. ಅದಕ್ಕೇ ಊಂ ಅಂದೆ.”